ಮಧ್ಯಾಹ್ನದ ಮಾಡು, ರಾತ್ರಿಯ ಗೋಡೆ

ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 25 ಕಿ.ಮೀ. ಸಾಗಿದರೆ ಕರುಮತ್ತಂಪಟ್ಟಿ. ಅಲ್ಲಿಂದ ಸೋಮನೂರಿನ ಕಡೆ ಹೊರಳಿದರೆ ಹಗಲು ರಾತ್ರಿ ಎನ್ನದೆ ವಿದ್ಯುತ್ ಮಗ್ಗಗಳ ಸದ್ದು. ಈ ಸೀಮೆಯ ನೇಕಾರರಲ್ಲಿ ಕನ್ನಡ ಮನೆಮಾತಿನ ದೇವಾಂಗರೂ ಇದ್ದಾರೆ. ಕೊಂಗುನಾಡಿನ ಊರೂರುಗಳಲ್ಲಿ ಚೌಡೇಶ್ವರಿಯ ಗುಡಿಗಳು ಕಾಣಸಿಗುವುದು ಅವರಿಂದ. ಮನೆಯ ಮಗ್ಗುಲಿಗೇ ಮಗ್ಗದ ಶೆಡ್ಡು ಇರುವುದು ಇಲ್ಲಿ ಅಪರೂಪವಲ್ಲ. ಮನೆಗೆ ಆರ್‌ಸಿಸಿ ತಾರಸಿ, ಶೆಡ್ಡಿಗೆ ಸಿಮೆಂಟ್ ಶೀಟು ಇಲ್ಲವೇ ಜಿಂಕ್ ಶೀಟು. ಏಪ್ರಿಲ್ ತಿಂಗಳ ಮಧ್ಯಾಹ್ನ 2 ಗಂಟೆಗೆ ಶೆಡ್ಡಿನಲ್ಲಿ ನಿಲ್ಲಲಾಗುವುದಿಲ್ಲ, ಪಕ್ಕದ ಮನೆ ತಕ್ಕಮಟ್ಟಿಗೆ ಪರವಾಗಿಲ್ಲ. ರಾತ್ರಿ 10ಕ್ಕೆ ಲೆಕ್ಕ ತಲೆಕೆಳಗು: ಶೆಡ್ಡು ಆರಿದೆ, ಮನೆಯೊಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದೆ.

ಹೊರಗಿನ ಹವೆ ಎರಡಕ್ಕೂ ಒಂದೇ. ಹಾಗಿದ್ದರೂ ಎರಡು ಕಟ್ಟಡಗಳು ಎರಡು ಬಗೆಯಾಗಿ ಉತ್ತರ ಕೊಡುವುದೇಕೆ, ಆ ಉತ್ತರವನ್ನು ಕಟ್ಟುವ ಮೊದಲೇ ಕಂಡುಹಿಡಿಯಬಹುದೇ ಎಂಬ ಪ್ರಶ್ನೆಯ ಸುತ್ತ ಒಂದು ಶಾಸ್ತ್ರವೇ ಬೆಳೆದಿದೆ. ಇಂದು ಅದನ್ನು ಬಿಲ್ಡಿಂಗ್ ಸಿಮ್ಯುಲೇಶನ್ ಎನ್ನುತ್ತಾರೆ. ವರ್ಷದ 8,760 ಗಂಟೆಗಳ ಹವಾಮಾನವನ್ನು ಕಂಪ್ಯೂಟರಿಗೆ ಉಣಿಸಿ, ಕಟ್ಟಡದ ಗೋಡೆ, ಮಾಡು, ಕಿಟಕಿ, ಯಂತ್ರ, ಜನ ಎಲ್ಲವನ್ನೂ ಅಂಕಿಗಳಾಗಿ ಬರೆದು, ಒಳಗಿನ ತಾಪ ಗಂಟೆಗಂಟೆಗೂ ಎಷ್ಟೆಂದು ಲೆಕ್ಕ ಹಾಕುವ ಕೆಲಸ ಅದು. ಈ ಶಾಸ್ತ್ರ ಎಲ್ಲಿಯವರೆಗೆ ಬಂದಿದೆ, ಮಗ್ಗದ ಶೆಡ್ಡಿನ ಮುಂದೆ ಅದರ ಆಟ ಎಷ್ಟು ನಡೆಯುತ್ತದೆ ಎಂಬುದನ್ನು ನೋಡೋಣ.

ಸಮೀಕರಣಗಳೇನೂ ಹೊಸವಲ್ಲ. ಘನವಸ್ತುವಿನೊಳಗೆ ಶಾಖ ಹರಿಯುವ ಬಗೆಯನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ 1822ರಲ್ಲೇ ಬರೆದಿಟ್ಟ. ದಿನದ ಬಿಸಿಲು ನೆರಳಿನಂತೆ ಮತ್ತೆ ಮತ್ತೆ ಬರುವ ಏರಿಳಿತಕ್ಕೆ ಆ ಸಮೀಕರಣವನ್ನು ಹಚ್ಚಿದರೆ ಎರಡು ಸಂಗತಿ ಹೊರಬೀಳುತ್ತವೆ. ವಸ್ತುವಿನೊಳಕ್ಕೆ ಹೋದಂತೆ ಏರಿಳಿತ ಕುಗ್ಗುತ್ತದೆ, ಜೊತೆಗೆ ತಡವಾಗುತ್ತದೆ. ಸುಟ್ಟ ಇಟ್ಟಿಗೆಯಲ್ಲಿ ಪ್ರತಿ 12 ಸೆಂ.ಮೀ. ಒಳಗೆ ಹೋದಾಗ ದಿನದ ಏರಿಳಿತ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ, ಸುಮಾರು 4 ಗಂಟೆ ಹಿಂದೆ ಬೀಳುತ್ತದೆ. 9 ಇಂಚಿನ ಗೋಡೆಯನ್ನು ದಾಟಲು ಶಾಖದ ಅಲೆಗೆ 7 ಗಂಟೆ ಬೇಕು. ಸಂಜೆ 4ಕ್ಕೆ ಪಡುವಣ ಗೋಡೆಗೆ ಬಡಿದ ಬಿಸಿಲು ಒಳಗೆ ತಲೆ ಹಾಕುವುದು ರಾತ್ರಿ 11ರ ಹೊತ್ತಿಗೆ, ಗೋಡೆಗೆ ಬೆನ್ನು ಕೊಟ್ಟು ಮಲಗಿದವನಿಗೆ. ಕಾಂಕ್ರೀಟಿನಲ್ಲಿ ಅಲೆ ಇನ್ನೂ ಬೇಗ ಸಾಗುತ್ತದೆ: 10 ಸೆಂ.ಮೀ. ದಾಟಲು ಎರಡೂವರೆ ಗಂಟೆ ಸಾಕು. ಆರ್‌ಸಿಸಿ ತಾರಸಿಯ ಕೆಳಮೈ ಸಂಜೆ ಕಾಯುವುದು ಅದಕ್ಕೇ. 6 ಮಿ.ಮೀ. ಸಿಮೆಂಟ್ ಶೀಟಿಗೆ ತಡ ಎಂಬುದೇ ಇಲ್ಲ. ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಅದು ಕಾಯುತ್ತದೆ, ಮೋಡ ಕವಿದರೆ ಅಷ್ಟೇ ಬೇಗ ಆರುತ್ತದೆ.

ಹಳೆಯ ನೇಕಾರರ ಕುಣಿಮಗ್ಗವನ್ನು ಈ ಲೆಕ್ಕದ ಎದುರಿಗಿಟ್ಟು ನೋಡಿದರೆ ಅಚ್ಚರಿಯಾಗುತ್ತದೆ. ನೆಲದಲ್ಲಿ ಕುಣಿ ತೋಡಿ ಕಾಲನ್ನು ಅದರೊಳಗೆ ಇಳಿಬಿಟ್ಟು ಕೂರುವ ಮಗ್ಗ ಅದು. ಮಣ್ಣಿನೊಳಗೆ ಮುಕ್ಕಾಲು ಮೀಟರ್ ಇಳಿದರೆ ಹಗಲು ರಾತ್ರಿಯ ವ್ಯತ್ಯಾಸ ಲೆಕ್ಕಕ್ಕೇ ಸಿಗದಷ್ಟು ಕುಗ್ಗಿರುತ್ತದೆ; ಅಲ್ಲಿಗೆ ತಲುಪುವುದು ಋತುಗಳ ಏರಿಳಿತ ಮಾತ್ರ. ಹಾಸಿನ ನೂಲು ನೆಲಕ್ಕೆ ಹತ್ತಿರದಲ್ಲೇ ಇರುವುದರಿಂದ ಮಣ್ಣಿನ ತೇವವೂ ಅದಕ್ಕೆ ದಕ್ಕುತ್ತದೆ, ಎಳೆ ಕಡಿಯುವುದು ಕಡಿಮೆ. ವಿದ್ಯುತ್ ಮಗ್ಗ ನೆಲದ ಮೇಲೆ ಎದ್ದು ನಿಂತಾಗ ನೇಕಾರನೂ ಎದ್ದು ನಿಂತ, ಅವನ ತಲೆ ಶೀಟಿಗೆ ಹತ್ತಿರವಾಯಿತು.

ಬಿಸಿಲು ಬಿದ್ದ ಮಾಡಿನ ಮಟ್ಟಿಗೆ ಹೊರಗಿನ ತಾಪ ಎಂದರೆ ಥರ್ಮಾಮೀಟರು ತೋರಿಸುವ 36 ಡಿಗ್ರಿಯಲ್ಲ. ಬಿಸಿಲಿನ ಹೊಡೆತವನ್ನೂ ಆಕಾಶಕ್ಕೆ ಸೋರಿಹೋಗುವ ಶಾಖವನ್ನೂ ಸೇರಿಸಿ ಒಂದೇ ಅಂಕಿ ಮಾಡುವ ಉಪಾಯವನ್ನು 1940ರ ದಶಕದಲ್ಲಿ ಅಮೆರಿಕದ ಮ್ಯಾಕಿ ಮತ್ತು ರೈಟ್ ಚಾಲ್ತಿಗೆ ತಂದರು. ಅದಕ್ಕೆ ಸೋಲ್-ಏರ್ ತಾಪ ಎನ್ನುತ್ತಾರೆ. ಏಪ್ರಿಲ್ ನಡುಹಗಲು, ಪ್ರತಿ ಚದರ ಮೀಟರಿಗೆ 950 ವ್ಯಾಟ್ ಬಿಸಿಲು, ಹಳೆಯದಾಗಿ ಕಪ್ಪಿಟ್ಟು ಬಿಸಿಲಿನ ನೂರಕ್ಕೆ 70 ಪಾಲನ್ನು ಹೀರುವ ಶೀಟು ಎಂದು ಹಿಡಿದರೆ ಆ ತಾಪ 65 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಅದೇ ಶೀಟಿಗೆ ಸುಣ್ಣ ಹೊಡೆದು ಹೀರುವಿಕೆಯನ್ನು ನೂರಕ್ಕೆ 30ಕ್ಕೆ ಇಳಿಸಿದರೆ 46.

ಎಂಟು ಮಗ್ಗಗಳ, 100 ಚದರ ಮೀಟರಿನ ಒಂದು ಶೆಡ್ಡನ್ನು ಕಾಗದದ ಮೇಲೆ ಕಟ್ಟೋಣ. ಮಗ್ಗವೊಂದಕ್ಕೆ ಒಂದು ಅಶ್ವಶಕ್ತಿಯ ಮೋಟಾರು. ಅದು ಎಳೆದ ಕರೆಂಟು ಲಾಳಿ ಓಡಿಸಿ, ಬಡಿದು, ಉಜ್ಜಿ ಕೊನೆಗೆ ಶಾಖವೇ ಆಗುವುದರಿಂದ ಎಂಟು ಮಗ್ಗಕ್ಕೆ ಸುಮಾರು 6 ಕಿಲೋವ್ಯಾಟ್ ಬಿಸಿ. ಮಾಡು ಎಷ್ಟು ಕೊಡುತ್ತದೆ? ಬರಿಯ ಶೀಟು ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 6 ವ್ಯಾಟ್ ದಾಟಿಸುತ್ತದೆ ಎಂದುಕೊಂಡರೆ, ಒಳಗೆ 40 ಡಿಗ್ರಿ ಇರುವಾಗ 15 ಕಿಲೋವ್ಯಾಟ್. ಅಂದರೆ ಮಗ್ಗಗಳ ಎರಡೂವರೆ ಪಟ್ಟು. ಶೆಡ್ಡು ಕಾಯುವುದು ಯಂತ್ರಗಳಿಂದ ಎಂದೇ ಎಲ್ಲರೂ ತಿಳಿದಿರುತ್ತಾರೆ. ಯಂತ್ರದ ಮೇಲೆ ಕೈಯಿಟ್ಟರೆ ಸುಡುತ್ತದಲ್ಲ. ಮಾಡಿನ ಮೇಲೆ ಕೈಯಿಟ್ಟು ನೋಡುವವರು ಕಡಿಮೆ. ಸುಣ್ಣ ಹೊಡೆದರೆ ಮಾಡಿನ ಪಾಲು 15ರಿಂದ 4 ಕಿಲೋವ್ಯಾಟಿನ ಒಳಕ್ಕೆ ಇಳಿಯುತ್ತದೆ. ಎಂಟೂ ಮಗ್ಗ ನಿಲ್ಲಿಸಿದರೂ ಇಷ್ಟು ಲಾಭವಿಲ್ಲ.

ಹೊಸ ಜಿಂಕ್ ಶೀಟು ಥಳಥಳ ಹೊಳೆಯುತ್ತದೆ, ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಹಾಗಾಗಿ ತಂಪು ಎಂಬ ನಂಬಿಕೆಯಿದೆ. ಅರ್ಧ ನಿಜ. ಹೊಳೆಯುವ ಲೋಹ ತನ್ನೊಳಗಿನ ಶಾಖವನ್ನು ಹೊರಸೂಸುವುದರಲ್ಲೂ ಜಿಪುಣ. ಹೀರಿದ್ದು ಕಡಿಮೆಯಾದರೂ ಹೀರಿದ್ದನ್ನು ಬಿಟ್ಟುಕೊಡುವುದಿಲ್ಲ, ಕೈಯಿಟ್ಟರೆ ಚುರ್ ಎನ್ನುತ್ತದೆ. ಸುಣ್ಣದ ಗುಣವೇ ಬೇರೆ: ಬಿಸಿಲನ್ನು ಎಸೆಯುತ್ತದೆ, ತನ್ನ ಶಾಖವನ್ನು ಆಕಾಶಕ್ಕೆ ಧಾರಾಳವಾಗಿ ಬಿಡುತ್ತದೆ. ತೊಂದರೆಯೆಂದರೆ ಹತ್ತಿಯ ಧೂಳು, ರಸ್ತೆಯ ಧೂಳು, ಮಳೆ. ಬಿಳುಪು ಉಳಿಯಬೇಕೆಂದರೆ ಪ್ರತಿ ಬೇಸಿಗೆಗೆ ಮುನ್ನ ಇನ್ನೊಂದು ಸಲ ಹೊಡೆಯಬೇಕು.

ಮೇಲಿನದು ಕೈಲೆಕ್ಕ, ಒಂದು ಗಳಿಗೆಯ ಚಿತ್ರ. ಕಾಲದ ಜೊತೆಗೆ ಅದನ್ನು ಓಡಿಸುವ ದಾರಿಗಳನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧ ಹುಡುಕಿತು. ಕೆನಡಾದ ಸ್ಟೀಫನ್‌ಸನ್ ಮತ್ತು ಮಿಟಾಲಸ್ 1967ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಗೋಡೆಯ ಹಿಂದಿನ ಗಂಟೆಗಳ ನೆನಪನ್ನು ಕೆಲವು ಗುಣಕಗಳಲ್ಲಿ ಅಡಕ ಮಾಡಬಹುದಾಗಿತ್ತು. ಅಂದಿನ ಸಣ್ಣ ಕಂಪ್ಯೂಟರುಗಳಿಗೂ ಅದು ನಿಲುಕಿತು. ಬ್ರಿಟನ್ನಿನವರು ಕಾಗದ ಪೆನ್ಸಿಲಿಗೆ ಸಾಕಾಗುವ ಅಡ್ಮಿಟೆನ್ಸ್ ವಿಧಾನ ತಂದರು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ಸರ್ಕಾರಿ ಹಣದಲ್ಲಿ ಡಿಒಇ-2, ಬ್ಲಾಸ್ಟ್ ಎಂಬ ಪ್ರೋಗ್ರಾಮುಗಳು ಹುಟ್ಟಿದವು. ಎರಡರ ಸಾರವನ್ನು ಕೂಡಿಸಿ 2001ರಲ್ಲಿ ಎನರ್ಜಿಪ್ಲಸ್ ಬಂತು. ಇಂದು ಅದು ಯಾರಿಗೂ ಪುಕ್ಕಟೆ. ಒಂದೇ ಕಟ್ಟಡವನ್ನು ಬೇರೆ ಬೇರೆ ಪ್ರೋಗ್ರಾಮುಗಳಿಗೆ ಕೊಟ್ಟು ಉತ್ತರ ಹೋಲಿಸುವ ಬೆಸ್‌ಟೆಸ್ಟ್ ಎಂಬ ಪರೀಕ್ಷೆ 1995ರಿಂದ ಇದೆ.

ಈ ಚರಿತ್ರೆಯಲ್ಲಿ ಕನ್ನಡನಾಡಿಗೂ ಒಂದು ಪುಟವಿದೆ. ಬರ್ಲಿನ್ ಮೂಲದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಕಟ್ಟಿಸಿದ ಕಟ್ಟಡಗಳಿವೆ. ಬಿಸಿ ನಾಡಿನ ಕಟ್ಟಡಗಳ ಬಗ್ಗೆ ಅವರು ಮುಂದೆ ಲಂಡನ್ನಿನಲ್ಲಿ ಕಲಿಸಿ, ಸಹೋದ್ಯೋಗಿಗಳೊಡನೆ ಬರೆದ ಕೈಪಿಡಿ 1970ರ ದಶಕದಿಂದ ವಾಸ್ತುಶಿಲ್ಪ ವಿದ್ಯಾರ್ಥಿಗಳ ಮೇಜಿನ ಮೇಲಿದೆ. ಅವರ ಬಳಗದ ಕಾರ್ಲ್ ಮಹೋನಿ ರೂಪಿಸಿದ ಕೋಷ್ಟಕಗಳಿಗೆ ಕಂಪ್ಯೂಟರೇ ಬೇಡ. ತಿಂಗಳ ಗರಿಷ್ಠ, ಕನಿಷ್ಠ ತಾಪ, ತೇವಾಂಶ, ಮಳೆ, ಗಾಳಿ ಬರೆದುಕೊಂಡರೆ ಮನೆ ಯಾವ ದಿಕ್ಕಿಗೆ ಮುಖ ಮಾಡಬೇಕು, ಗೋಡೆ ದಪ್ಪವೋ ತೆಳುವೋ, ಕಿಟಕಿ ಎಷ್ಟು ದೊಡ್ಡದು ಎಂಬುದಕ್ಕೆ ಒರಟು ಉತ್ತರ ಸಿಗುತ್ತದೆ. ನನ್ನ ಮಟ್ಟಿಗೆ, ಅಂಕಿಗಳೇ ಸರಿಯಾಗಿ ಸಿಗದ ಕಡೆ ಎರಡು ದಶಮಾಂಶ ಸ್ಥಾನಗಳವರೆಗೆ ತೋರಿಸುವ ಪ್ರೋಗ್ರಾಮಿಗಿಂತ ಇಂಥ ಒರಟು ಉತ್ತರವೇ ಪ್ರಾಮಾಣಿಕ.

ಏಕೆಂದರೆ ಎಡವುವುದು ಸಮೀಕರಣವಲ್ಲ, ಅದಕ್ಕೆ ಉಣಿಸುವ ಅಂಕಿ. ಕಾಗದದ ಶೆಡ್ಡಿಗೇ ಮರಳೋಣ. ಒಳಗಿನ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ? 4 ಮೀಟರ್ ಎತ್ತರದ ಶೆಡ್ಡಿನಲ್ಲಿ ಗಂಟೆಗೆ 10 ಸಲ ಎಂದು ಬರೆದರೆ, ನೆಲ ಹೀರುವ ಶಾಖವನ್ನು ಬದಿಗಿಟ್ಟ ಸರಳ ಲೆಕ್ಕದಲ್ಲಿ ಒಳಗೆ 48 ಡಿಗ್ರಿ. ಗಂಟೆಗೆ 30 ಸಲ ಎಂದು ಬರೆದರೆ 41. ಮಾಡಿಗೆ ಸುಣ್ಣ ಹೊಡೆದಾಗ ಮೊದಲನೆಯದು 42ಕ್ಕೆ, ಎರಡನೆಯದು 38 ಚಿಲ್ಲರೆಗೆ ಇಳಿಯುತ್ತದೆ. ಕಿಟಕಿಯ ಬಗ್ಗೆ ಕೂತಲ್ಲೇ ಮಾಡಿದ ಒಂದು ಊಹೆ ಉತ್ತರವನ್ನು 7 ಡಿಗ್ರಿ ಅಲುಗಾಡಿಸಿತು. ಸುಣ್ಣದ ಲಾಭವೂ ಹಾಗೆಯೇ: ಗಾಳಿಯಾಡದ ಶೆಡ್ಡಿನಲ್ಲಿ 6 ಡಿಗ್ರಿ, ಗಾಳಿಯಾಡುವಲ್ಲಿ ಎರಡು ಎರಡೂವರೆ. ಸುಣ್ಣದ ಬಗ್ಗೆ ಇಬ್ಬರು ಬೇರೆ ಬೇರೆ ಅನುಭವ ಹೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಕಿಟಕಿ ತೆರೆದರಾಯಿತಲ್ಲ ಎನ್ನುವವರು ಮಗ್ಗದ ಕಷ್ಟ ಅರಿಯದವರು. ಹತ್ತಿ ನೂಲಿಗೆ ತೇವ ಬೇಕು. ನೇಯ್ಗೆಯ ಕೋಣೆಯಲ್ಲಿ ಸಾಪೇಕ್ಷ ಆರ್ದ್ರತೆ ನೂರಕ್ಕೆ 75–80 ಇದ್ದರೆ ಎಳೆ ಚೆನ್ನಾಗಿ ತಾಳುತ್ತದೆ. ಬೇಸಿಗೆಯ ಒಣಗಾಳಿ ಒಳನುಗ್ಗಿದರೆ ಹಾಸು ಪಟಪಟನೆ ಕಡಿಯುತ್ತದೆ, ಮಗ್ಗ ನಿಲ್ಲುತ್ತದೆ, ಕೂಲಿ ಹೋಗುತ್ತದೆ. ಹಾಗಾಗಿ ಕಿಟಕಿ ಮುಚ್ಚಿ ನೆಲಕ್ಕೆ ನೀರು ಚಿಮುಕಿಸುವುದು. ನೂಲಿಗೆ ಹಿತವಾದ ಹವೆ ಬೆವರು ಆರಬೇಕಾದ ಮೈಗೆ ವಿಷ. ಈ ಜಗಳ ಇಲ್ಲಿಯದಷ್ಟೇ ಅಲ್ಲ. ಲ್ಯಾಂಕಶೈರಿನ ಮಗ್ಗದ ಮನೆಗಳಿಗೆ ಮಾಲೀಕರು ಹಬೆ ತುಂಬುತ್ತಿದ್ದಾಗ ಎದ್ದ ಕೂಗಿಗೆ ಬ್ರಿಟನ್ನಿನ ಸಂಸತ್ತು 1889ರಲ್ಲಿ ಕಾಯ್ದೆ ಮಾಡಿ ತೇವಾಂಶಕ್ಕೆ ಮಿತಿ ಹಾಕಬೇಕಾಯಿತು. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೂ ಕೃತಕ ತೇವಾಂಶಕ್ಕೆ ಒಂದು ಕಲಮಿತ್ತು. ಗೋಡೆ ಮತ್ತು ಮಾಡಿನ ಸಾಮಗ್ರಿ ಒಳಗಿನ ತಾಪವನ್ನು ಆದಷ್ಟು ಕಡಿಮೆ ಇಡುವಂತಿರಬೇಕು ಎಂದೂ ಅದು ಹೇಳುತ್ತಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಜನ ಕೆಲಸಗಾರರಿದ್ದರೆ ಮಾತ್ರ ಆ ಕಾಯ್ದೆಯ ಪ್ರಕಾರ ಅದು ಕಾರ್ಖಾನೆಯಾಗಿತ್ತು. ಎಂಟು ಮಗ್ಗಕ್ಕೆ ಅಷ್ಟು ಜನ ಎಲ್ಲಿ ಬೇಕು?

ಆದ್ದರಿಂದ ಶೆಡ್ಡಿನ ಸಿಮ್ಯುಲೇಶನ್ ಎಂದರೆ ತಾಪದ ಲೆಕ್ಕ ಮಾತ್ರವಲ್ಲ, ನೀರಾವಿಯ ಲೆಕ್ಕವೂ ಹೌದು. ಎನರ್ಜಿಪ್ಲಸ್ ಎರಡನ್ನೂ ಮಾಡುತ್ತದೆ. ನೇಕಾರ ಎಷ್ಟು ಹೊತ್ತಿಗೆ ಯಾವ ಕಿಟಕಿ ಮುಚ್ಚುತ್ತಾನೆ, ಎಷ್ಟು ಕೊಡ ನೀರು ಚೆಲ್ಲುತ್ತಾನೆ ಎಂಬುದನ್ನು ಮಾತ್ರ ಅದಕ್ಕೆ ಯಾರಾದರೂ ಹೇಳಿಕೊಡಬೇಕು.

ಹವಾಮಾನದ ಕಡತದ ಕಥೆಯೂ ಹೀಗೆಯೇ. ಹಲವು ವರ್ಷಗಳ ದಾಖಲೆಯಿಂದ ತಿಂಗಳುಗಳನ್ನು ಆರಿಸಿ ಜೋಡಿಸಿದ ಮಾದರಿ ವರ್ಷವೊಂದನ್ನು ಪ್ರೋಗ್ರಾಮಿಗೆ ಕೊಡುತ್ತಾರೆ. ಭಾರತದ ಹತ್ತಾರು ಊರುಗಳಿಗೆ ಇಂಥ ಕಡತಗಳಿವೆ. ಕೊಯಮತ್ತೂರಿನ ಅಳತೆ ನಡೆಯುವುದು ಪೀಳಮೇಡಿನ ವಿಮಾನ ನಿಲ್ದಾಣದಲ್ಲಿ. ಪಾಲಕ್ಕಾಡ್ ಕಣಿವೆಯ ಸಂದಿನಿಂದ ಮುಂಗಾರಿನ ಗಾಳಿ ನುಗ್ಗುವ ಈ ಸೀಮೆಯಲ್ಲಿ ಜೂನ್–ಆಗಸ್ಟ್ ತಿಂಗಳುಗಳು ತಂಪು. ಮಾರ್ಚ್–ಏಪ್ರಿಲಿನಲ್ಲಿ ಹಗಲು 35–36, ಬೆಳಗಿನ ಜಾವ 21–23, ಹೆಚ್ಚುಕಡಿಮೆ 13 ಡಿಗ್ರಿ ಅಂತರ. ಆದರೆ ಮಾದರಿ ವರ್ಷ ಎಂದರೆ ಸರಾಸರಿಯ ವರ್ಷ. ತಮಿಳುನಾಡಿನ ಒಳಜಿಲ್ಲೆಗಳಲ್ಲಿ, ಪಕ್ಕದ ಈರೋಡು, ಕರೂರುಗಳಲ್ಲಿ ತಾಪ 40 ದಾಟಿದ 2024ರ ಬೇಸಿಗೆಯಂಥದು ಅದರೊಳಗಿಲ್ಲ. ಅದೇ ವರ್ಷ ತಮಿಳುನಾಡು ಸರ್ಕಾರ ಬಿಸಿಗಾಳಿಯನ್ನು ರಾಜ್ಯ ವಿಪತ್ತೆಂದು ಘೋಷಿಸಿತು. ಕಟ್ಟಡ ನಿಲ್ಲುವುದು ಮುಂದಿನ ಐವತ್ತು ವರ್ಷದ ಬಿಸಿಲಿಗೆ, ಪರೀಕ್ಷೆ ಬರೆಯುವುದು ಹಿಂದಿನ ಬಿಸಿಲಿನಲ್ಲಿ.

ಬಿಸಿಲಿನ ದಿಕ್ಕಿನ ವಿಷಯದಲ್ಲಂತೂ ಪಡುವಣದ ಪುಸ್ತಕ ನೋಡಿ ಕಟ್ಟಿದವರು ಮೋಸಹೋಗುತ್ತಾರೆ. ಗಿರಣಿಗಳಿಗೆ ಗರಗಸದ ಹಲ್ಲಿನಂಥ ಮಾಡು ಹಾಕಿ, ಗಾಜನ್ನು ಬಡಗಣಕ್ಕೆ ಇಡುವ ಪದ್ಧತಿ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ ಬಡಗಣ ಗಾಜಿಗೆ ನಡುಹಗಲ ಬಿಸಿಲು ತಾಕುವುದೇ ಇಲ್ಲ. ಕರುಮತ್ತಂಪಟ್ಟಿ ಇರುವುದು 11 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ನಾಲ್ಕನೇ ವಾರದವರೆಗೆ ನಡುಹಗಲ ಸೂರ್ಯ ಇಲ್ಲಿ ನೆತ್ತಿಯಿಂದ ಬಡಗಣಕ್ಕೇ ವಾಲಿರುತ್ತಾನೆ. ವರ್ಷದ ಮೂರನೇ ಒಂದು ಭಾಗ ಬಡಗಣ ಗಾಜು ಬಿಸಿಲಿಗೆ ಎದುರಾಗಿರುತ್ತದೆ. ಗಾಜನ್ನು ನೆಟ್ಟಗೆ ನಿಲ್ಲಿಸಿ ಮೇಲೊಂದು ಸಜ್ಜೆ ಚಾಚಿದರೆ ನಡುಹಗಲ ಬಿಸಿಲು ತಪ್ಪುತ್ತದೆ. ಇಂಥ ರೇಖಾಗಣಿತದ ಪ್ರಶ್ನೆಗೆ ಸಿಮ್ಯುಲೇಶನ್ ಕೊಡುವ ಉತ್ತರದಲ್ಲಿ ಊಹೆಗೆ ಜಾಗವಿಲ್ಲ. ಕಣ್ಣು ಮುಚ್ಚಿ ನಂಬಬಹುದು.

ಲೆಕ್ಕ ಬಂತೆನ್ನೋಣ, ಎಷ್ಟು ಡಿಗ್ರಿ ಇದ್ದರೆ ಸರಿ? ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರು, ಚೆನ್ನೈ, ದಿಲ್ಲಿ, ಶಿಮ್ಲಾ, ಅಹಮದಾಬಾದಿನ ಕಚೇರಿಗಳಲ್ಲಿ ಜನರನ್ನು ಕೇಳಿ ಮಾಡಿದ ಸೂತ್ರವೊಂದಿದೆ. ಏಸಿ ಇಲ್ಲದೆ ಗಾಳಿಯಾಡುವ ಕಟ್ಟಡದಲ್ಲಿ ಹೊರಗಿನ ಸರಾಸರಿ ತಾಪವನ್ನು 0.54ರಿಂದ ಗುಣಿಸಿ 12.83 ಕೂಡಿಸಿದರೆ ಹಿತವಾದ ತಾಪ. ಅದರ ಆಚೀಚೆ 2.38 ಡಿಗ್ರಿಯೊಳಗೆ ನೂರಕ್ಕೆ 90 ಜನ ಒಪ್ಪುತ್ತಾರೆ. ಹೊರಗಿನ ಸರಾಸರಿ 29 ಇರುವ ಏಪ್ರಿಲಿಗೆ ಮೇಲಿನ ಮಿತಿ ಸುಮಾರು 31. ಪರದೇಶದ ಏಸಿ ಕೋಣೆಯ ಅಳತೆಗೋಲಿಗಿಂತ ಇದು ಎಷ್ಟೋ ವಾಸಿ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದನ್ನು ಒಪ್ಪಿದೆ. ಆದರೆ ಕೇಳಿದ್ದು ಕುರ್ಚಿಯಲ್ಲಿ ಕೂತವರನ್ನು. ಮಗ್ಗದಿಂದ ಮಗ್ಗಕ್ಕೆ ನಡೆಯುತ್ತ, ನೆತ್ತಿಯ ಮೇಲೆ ಸುಡುವ ಶೀಟಿನ ಝಳ ಹೊರುವವರಿಗೆ ಆ 31 ಕೂಡ ಹೆಚ್ಚಾದೀತು.

ನಿಯಮಗಳ ಕಣ್ಣಿಗೂ ಶೆಡ್ಡು ಬೀಳುವುದಿಲ್ಲ. 2017ರ ಇಂಧನ ಉಳಿತಾಯ ಕಟ್ಟಡ ಸಂಹಿತೆ 100 ಕಿಲೋವ್ಯಾಟ್ ಮೇಲ್ಪಟ್ಟ ಹೊರೆಯ ವಾಣಿಜ್ಯ ಕಟ್ಟಡಗಳಿಗೆ. 2018ರ ಇಕೋ ನಿವಾಸ್ ಸಂಹಿತೆ ವಸತಿಗೆ; ಮಾಡು ಪ್ರತಿ ಡಿಗ್ರಿಗೆ ಚದರ ಮೀಟರಿಗೆ 1.2 ವ್ಯಾಟಿಗಿಂತ ಹೆಚ್ಚು ದಾಟಿಸಬಾರದು ಎನ್ನುತ್ತದೆ. ಬರಿಯ ಶೀಟು ಅದರ ಐದು ಪಟ್ಟು ದಾಟಿಸುತ್ತದೆ. ಈ ಶಾಸ್ತ್ರ ಬೆಳೆದದ್ದೇ ಏಸಿ ಕಟ್ಟಡಗಳ ಕರೆಂಟ್ ಬಿಲ್ಲಿಗಾಗಿ. ವರ್ಷಕ್ಕೆ ಎಷ್ಟು ಯೂನಿಟ್ ಉಳಿಯಿತು ಎಂದು ಅದು ಕೇಳುತ್ತದೆ. ಏಸಿಯೇ ಇಲ್ಲದ ಶೆಡ್ಡಿನಲ್ಲಿ ಉಳಿಸಲು ಯೂನಿಟ್ಟೇ ಇಲ್ಲ. ಅಲ್ಲಿನ ಪ್ರಶ್ನೆ ಮಧ್ಯಾಹ್ನ 3 ಗಂಟೆಗೆ ಎಷ್ಟು ಡಿಗ್ರಿ ಎಂಬುದು. ಅದೇ ಪ್ರೋಗ್ರಾಮು ಆ ಉತ್ತರವನ್ನೂ ಕೊಡುತ್ತದೆ, ಕೇಳುವವರಿರಬೇಕು.

ಕೇಳಿದ ಉದಾಹರಣೆಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೊಂಟೊ ಮಣಿ ಅವರ ತಂಡ ಕರ್ನಾಟಕದ ಸುಗ್ಗನಹಳ್ಳಿಯಲ್ಲಿ ಹಳೆಯ ಮನೆಗಳನ್ನೂ ಹೊಸ ಸಾಮಗ್ರಿಯಿಂದ ಮಾರ್ಪಾಡಾದ ಮನೆಗಳನ್ನೂ ಅಳೆದು, ಸಿಮ್ಯುಲೇಶನ್ ಜೊತೆ ಹೋಲಿಸಿ, ಮಾರ್ಪಾಡಿನಿಂದ ಒಳಗಿನ ಸೆಕೆ ಹೆಚ್ಚಿದ್ದನ್ನು ತೋರಿಸಿತು. ಅಳತೆ ಮೊದಲು, ಮಾದರಿ ಆಮೇಲೆ ಎಂಬ ಈ ಕ್ರಮವೇ ಸರಿ. ಹಳೆಯದೆಲ್ಲ ತಂಪು ಎಂದು ಇದರಿಂದ ಹೊರಡಬೇಕಿಲ್ಲ. ದಪ್ಪ ಗೋಡೆ ಹಗಲಿಗೆ ನೆಂಟ, ರಾತ್ರಿಗೆ ಹೊರೆ. ಹಗಲು ದುಡಿಯುವ ಶೆಡ್ಡಿಗೆ ಭಾರವಾದ ಮಾಡು ಒಳ್ಳೆಯದು, ಮಲಗುವ ಕೋಣೆಗೆ ಬೇಗ ಆರುವ ಮಾಡು ಒಳ್ಳೆಯದು. ಕರುಮತ್ತಂಪಟ್ಟಿಯ ಕಡೆ ಇವೆರಡೂ ಅದಲುಬದಲಾಗಿ ಕೂತಿವೆ. ರಾತ್ರಿ ಪಾಳಿಯೂ ನಡೆಯುವ ಶೆಡ್ಡಾದರೆ ತೂಕ ಮತ್ತೆ ಬದಲಾಗುತ್ತದೆ: ಸುಣ್ಣ ಹೊಡೆದ ತೆಳು ಶೀಟೇ ಅಲ್ಲಿ ಗೆದ್ದೀತು.

ಆರ್‌ಸಿಸಿ ಮನೆಯವರು ಬೇಸಿಗೆಯ ಸಂಜೆ ತಾರಸಿಗೆ ನೀರು ಹೊಯ್ಯುತ್ತಾರೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು, 12 ಸೆಂ.ಮೀ. ದಪ್ಪದ ಸ್ಲ್ಯಾಬಿನ ಒಂದು ಚದರ ಮೀಟರನ್ನು ಒಂದು ಡಿಗ್ರಿ ಇಳಿಸಲು ಸುಮಾರು 240. ಚದರ ಮೀಟರಿಗೆ ಒಂದೇ ಲೀಟರ್, ಪೂರ್ತಿ ಸ್ಲ್ಯಾಬಿನ ಶಾಖದಿಂದಲೇ ಆವಿಯಾದರೆ, 10 ಡಿಗ್ರಿ. ಹರಿದುಹೋಗುವುದು, ಗಾಳಿಯ ಶಾಖದಿಂದ ಆರುವುದು ಕಳೆದರೂ ಅರ್ಧವಾದರೂ ದಕ್ಕಬಹುದು. ಬಕೆಟ್‌ಗಟ್ಟಲೆ ಸುರಿದದ್ದು ಮೋರಿಗೆ ಹೋಗುತ್ತದೆ. ಗೋಣಿ ಹಾಸಿ ಒದ್ದೆ ಮಾಡಿದ್ದು ಕೆಲಸಕ್ಕೆ ಬರುತ್ತದೆ. ನೀರಿಗೆ ತತ್ವಾರವಿರುವ ಕೊಂಗು ಸೀಮೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಶೆಡ್ಡಿಗೆ ಬೇಕಾದ ತಯಾರಿಯೂ ದೊಡ್ಡದೇನಲ್ಲ. ಗಂಟೆಗಂಟೆಗೂ ತಾಪ, ತೇವ ಬರೆದಿಡುವ ಪುಟ್ಟ ಯಂತ್ರಗಳು ಈಗ ಅಗ್ಗ. ಒಂದನ್ನು ಶೀಟಿನ ಅಡಿಗೆ, ಒಂದನ್ನು ಮಗ್ಗದ ಮಗ್ಗುಲಲ್ಲಿ ಆಳೆತ್ತರಕ್ಕೆ, ಒಂದನ್ನು ಹೊರಗೆ ನೆರಳಿನಲ್ಲಿ ತೂಗುಹಾಕಿ, ಕಿಟಕಿ ತೆರೆದು ಮುಚ್ಚಿದ ಹೊತ್ತನ್ನು ಮಗ್ಗದವರಿಂದಲೇ ಬರೆಸಿಕೊಂಡರೆ ಮಾರ್ಚಿನಿಂದ ಮೇವರೆಗಿನ ದಾಖಲೆ ಸಾಕು. ಗಂಟೆಗೆ 10 ಸಲವೋ 30 ಸಲವೋ ಎಂಬ ಊಹೆ ಅಲ್ಲಿಗೆ ಮುಗಿಯುತ್ತದೆ. ಮಾಡಿನ ಅರ್ಧಕ್ಕೆ ಮಾತ್ರ ಸುಣ್ಣ ಹೊಡೆದು, ಎರಡು ಅರ್ಧಗಳ ಕೆಳಗೂ ಯಂತ್ರವಿಟ್ಟರೆ ಸುಣ್ಣದ ಖರ್ಚು ಮುಂದಿನ ವರ್ಷಕ್ಕೂ ಬೇಕೋ ಬೇಡವೋ ಎಂಬುದನ್ನು ಶೆಡ್ಡಿನ ಯಜಮಾನ ತಾನೇ ಓದಿಕೊಳ್ಳಬಹುದು.